ಬಾಲವಾಡಿಗೆ ಬಾರದ ನಾಗವ್ವ

ವಿಕ್ರೋಳಿ, ಮುಂಬಯಿ
ರವಿವಾರ, 17 ಮೇ 1992

ಚಿರಂಜೀವಿ ಬಸವಂತರಾಯನಿಗೆ ನಿನ್ನ ಅಪ್ಪ ಸಾಯಬಣ್ಣನ ಆಶೀರ್ವಾದ.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದಕ್ಕೆ ಕೂತಾಗಿನಿಂದ ನನ್ನ ತಲೆ ಕೆಟ್ಟಿದೆ. ಎರಡನೇ ಇಯತ್ತೆಗೆ ಸಾಲಿ ಬಿಟ್ಟು ಕರಣಿ ಹಿಡಿದವನು ನಾನು. ಇಟ್ಟಿಗೆಯ ಸಾಲು ನೂಲು ಹೊಡೆದ ಹಾಗೆ ಬರುತ್ತದೆ, ಅಕ್ಷರದ ಸಾಲು ಬರುವುದಿಲ್ಲ. ಇಷ್ಟು ದಿನ ನಾನು ಹೇಳುವುದು, ನಿನ್ನ ಹೆಂಡತಿ ಬರೆಯುವುದು ನಡೆದಿತ್ತು. ಇವತ್ತು ಕಸ್ತೂರಿಬಾಯಿ ಹಾಳೆ, ಪೆನ್ನು ನನ್ನ ಮುಂದೆ ತಂದಿಟ್ಟು, "ಇದೊಂದ್ ಕಾಗದ ನಾ ಬರಿಯಲ್ಲರೀ ಮಾವಾರ, ನೀವೇ ಬರೀರಿ" ಎಂದು ಕೊಡ ತೆಗೆದುಕೊಂಡು ನಳಕ್ಕೆ ಹೋಗಿಬಿಟ್ಟಳು. ರವಿವಾರ ನಳದ ಮುಂದೆ ಸರತಿ ಎಷ್ಟು ಉದ್ದ ಇರುತ್ತದೆಂದು ನಿನಗೆ ಗೊತ್ತು. ಬೇಕೆಂದೇ ಹೋದಳು. ಆದ್ದರಿಂದ ತಪ್ಪು ಹುಡುಕದೆ ಓದು. ಅಕ್ಷರ ತಿಳಿಯದಿದ್ದರೆ ನಿಮ್ಮ ಗ್ಯಾಂಗಿನವರ ಕೈಲಿ ಓದಿಸಬೇಡ. ಇದು ಮನೆಯ ವಿಷಯ, ಎರಡು ಸಲ ನೀನೇ ಓದು.

ನಿನ್ನ ಕೆಮ್ಮು ಹೇಗಿದೆ? ಕಡಿಮೆಯಾಗಿದೆ ಎಂದು ಬರೆದಿದ್ದೆ, ನಾನು ನಂಬಿಲ್ಲ. ಗುಡ್ಡ ಕೊರೆಯುವ ಧೂಳು ಒಮ್ಮೆ ಎದೆಗೆ ಇಳಿದರೆ ಹಾಗೆಲ್ಲ ಹೊರಗೆ ಬರುವುದಿಲ್ಲ. ಸುರಂಗದೊಳಗೆ ಹೋಗುವಾಗ ಮೂಗಿಗೆ ಒದ್ದೆ ಪಂಜೆ ಕಟ್ಟಿಕೋ ಎಂದು ಎಷ್ಟು ಸಲ ಹೇಳಬೇಕು? ಮಿರಗದ ಮಳೆ ಹತ್ತಿರ ಬಂತು. ಕೊಂಕಣದ ಆ ಕೆಂಪು ಮಣ್ಣು ನೀರು ಕುಡಿದರೆ ಯಾರ ಮಾತನ್ನೂ ಕೇಳುವುದಿಲ್ಲ. ಗುತ್ತೇದಾರ ಏನೇ ಹೇಳಲಿ, ಮಳೆ ಹಿಡಿದ ಮೇಲೆ ಸುರಂಗದ ಬಾಯಲ್ಲಿ ಮಲಗಬೇಡ. ನೀವು ದಾರಿ ಕೊರೆಯುತ್ತಿರುವ ಆ ರೈಲು ಓಡುವ ದಿನ ಓಡಲಿ, ಅದರಲ್ಲಿ ಕೂಡುವವರು ಬೇರೆಯವರು. ಇಲ್ಲಿ ನನ್ನ ಮಂಡಿ ಎರಡೂ ಹೋಗಿವೆ. ಗುಡ್ಡ ಇಳಿದು ಸ್ಟೇಶನ್ ಕಡೆ ಹೋದರೆ ತಿರುಗಿ ಹತ್ತುವುದೇ ಒಂದು ದಿನದ ಕೆಲಸ. ಕಸ್ತೂರಿ ಡಬ್ಬಿ ಕಾರ್ಖಾನೆಗೆ ಹೋಗಿ ಬಂದು ಮನೆಗೆಲಸವನ್ನೂ ಮಾಡುತ್ತಾಳೆ. ಅವಳಿಗೆ ಬೆನ್ನು ನೋವಿದೆ, ಬಾಯಿ ಬಿಟ್ಟು ಹೇಳುವುದಿಲ್ಲ. ಕಾಗದದಲ್ಲಿ 'ನಾವೆಲ್ಲ ಕ್ಷೇಮ' ಎಂದು ಬರೆಯಬೇಕಂತೆ. ಬರೆದಿದ್ದೇನೆ, ಓದಿಕೋ.

ಈಗ ಹುಡುಗಿಯ ವಿಷಯ. ಬಾಲವಾಡಿಯಲ್ಲಿ ಕಲಿಸುವ ಬಾಯಿ ಏಪ್ರಿಲಿನಲ್ಲಿ ಕಸ್ತೂರಿಯನ್ನು ಕರೆಸಿ, 'ನಿಮ್ಮ ಹುಡುಗಿಗೆ ಕಿವಿ ಮಂದ, ಇಲ್ಲವೆ ಬುದ್ಧಿ ಮಂದ, ಜೂನಿಗೆ ಒಂದನೇ ಇಯತ್ತೆಗೆ ಕಳಿಸಲು ಆಗುವುದಿಲ್ಲ' ಎಂದು ಹೇಳಿದ್ದನ್ನು ನಿನ್ನ ಹೆಂಡತಿ ನಿನಗೆ ಬರೆದಳು. ಅಳುತ್ತಾ ಬರೆದಳು. ಅದಕ್ಕೆ ನೀನು ಉತ್ತರ ಬರೆದೆ: ಮುಂಬಯಿಯ ಮರಾಠಿ ಬಾಲವಾಡಿ ಅವಳಿಗೆ ಹತ್ತಲಿಲ್ಲ, ಜೂನಿನಲ್ಲಿ ನಾಲ್ಕು ದಿನ ರಜೆ ಹಾಕಿ ಬಂದು ಕರೆದುಕೊಂಡು ಹೋಗಿ ಊರಲ್ಲಿ ಅಕ್ಕನ ಮನೆಯಲ್ಲಿ ಬಿಡುತ್ತೇನೆ, ಅಲ್ಲಿ ಅಂಗನವಾಡಿಯಲ್ಲಿ ಕನ್ನಡದಲ್ಲಿ ಕಲಿಯಲಿ, ಇನ್ನೊಂದೆರಡು ವರ್ಷ ಆದ ಮೇಲೆ ನೋಡೋಣ ಎಂದು. ಆ ಕಾಗದ ಬಂದ ದಿನದಿಂದ ಕಸ್ತೂರಿಗೆ ಅನ್ನ ಸೇರುತ್ತಿಲ್ಲ. ನಿನಗೆ ಎದುರು ಹೇಳುವವಳಲ್ಲ ಅವಳು. ನಾನು ಹೇಳುತ್ತೇನೆ. ಬರಬೇಡ. ಹುಡುಗಿ ಎಲ್ಲಿಗೂ ಹೋಗುವುದಿಲ್ಲ.

ಊರಲ್ಲಿ ಸರಕಾರದ ಮೂರು ಅಂಗನವಾಡಿ ಆಗಿವೆ, ಉಪ್ಪಿಟ್ಟು ಕೊಡುತ್ತಾರೆ, ಹಾಡು ಕಲಿಸುತ್ತಾರೆ ಎಂದು ನಿನ್ನ ಅಕ್ಕ ಹನುಮವ್ವ ನಿನ್ನ ಕಿವಿ ಊದಿದ್ದಾಳೆ. ಅವಳು ಸುಳ್ಳು ಹೇಳುವವಳಲ್ಲ, ಆದರೆ ಅವಳು ಯಾವುದರ ಒಳಗೂ ಕಾಲಿಟ್ಟವಳಲ್ಲ. ನಾನು ಇಟ್ಟಿದ್ದೇನೆ. ಜನವರಿಯಲ್ಲಿ ಅವಳ ಮಗಳ ಮದುವೆಗೆ ಹೋದಾಗ ಹೆಂಗಸರು ಮನೆ ತುಂಬ ಗದ್ದಲ ಹಾಕಿದ್ದರು, ನನಗೆ ಕೂಡಲು ಜಾಗವಿರಲಿಲ್ಲ, ಊರು ತಿರುಗಿದೆ. ಈಗ ನಮ್ಮೂರು ನೀನು ಬಿಟ್ಟು ಬಂದ ಊರಲ್ಲ, ಟಾಕೀಸು, ತಹಸೀಲಿ, ದೊಡ್ಡ ಬಸ್ ಸ್ಟ್ಯಾಂಡು ಎಲ್ಲ ಇರುವ ಪೇಟೆ. ಅಂಗನವಾಡಿ ಮೂರು ಇರುವುದು ಖರೆ. ಒಂದು ಅಗಸಿ ಓಣಿಯಲ್ಲಿ, ಗುಡಿಯ ಪಕ್ಕದ ಕೋಣೆಯಲ್ಲಿ. ಟೀಚರು ಒಳ್ಳೆಯ ಹುಡುಗಿ, ದನಿ ಚೆಂದ, ಆದರೆ ವಾರದಲ್ಲಿ ಅರ್ಧಕ್ಕರ್ಧ ದಿನ ಅವಳನ್ನು ಕುಟುಂಬ ಯೋಜನೆಯ ಲೆಕ್ಕಕ್ಕೆ ಮನೆ ಮನೆ ತಿರುಗಿಸುತ್ತಾರೆ. ಆಗ ಅಡಿಗೆಯ ಮುದುಕಿ ಬಾಗಿಲಿಗೆ ಅಡ್ಡ ಕೂತು ಮಕ್ಕಳು ಹೊರಗೆ ಓಡದಂತೆ ಕೋಲು ಹಿಡಿದಿರುತ್ತಾಳೆ, ಅಷ್ಟೇ ಕಲಿಕೆ. ಎರಡನೆಯದು ಬಸ್ ಸ್ಟ್ಯಾಂಡಿನ ಹಿಂದೆ, ಹೊಸ ಕಟ್ಟಡ. ಗೋಡೆಯ ಗಿಲಾವು ಆಗಲೇ ಬಿರುಕು ಬಿಟ್ಟಿದೆ, ಉಸುಕು ಜಾಸ್ತಿ ಹಾಕಿದ್ದಾರೆ, ನನ್ನ ಕಣ್ಣಿಗೆ ಕಾಣುವುದಿಲ್ಲವೆ? ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಯಾರದೋ ಶೇಂಗಾ ಚೀಲ. ಮೂರನೆಯದು ಕೋಟೆಯ ಕಡೆ. ಅದು ನಿಜವಾಗಿ ಚೆನ್ನಾಗಿದೆ, ನಾನು ಹೊಟ್ಟೆಕಿಚ್ಚಿನಿಂದ ಹೇಳುವವನಲ್ಲ. ಅಲ್ಲಿಂದ ಹೋದ ಮಕ್ಕಳು ಒಂದನೇ ಇಯತ್ತೆಯಲ್ಲಿ ಪಾಟಿ ಹಿಡಿದು ಕೂಡುತ್ತಾರೆ, ಮಗ್ಗಿ ಹೇಳುತ್ತಾರೆ. ಆದರೆ ಅದು ಹನುಮವ್ವನ ಓಣಿಯ ಮಕ್ಕಳಿಗಲ್ಲ, ಆ ಭಾಗದ ಮಕ್ಕಳಿಗೆ ಮಾತ್ರ. ಮೇಲಾಗಿ ನಡುವೆ ಲಾರಿ ಓಡುವ ರಸ್ತೆ. ದಿನಾ ಕೈ ಹಿಡಿದು ದಾಟಿಸುವವರು ಯಾರು? ನಿನ್ನ ಅಕ್ಕನೆ? ಅವಳಿಗೆ ಎರಡು ಎಮ್ಮೆ ಇವೆ.

ಇನ್ನೊಂದು ಮಾತು ನೆನಪಿಟ್ಟುಕೋ. ಅಗಸಿ ಓಣಿಯಲ್ಲಿ ನಾನು ಅರ್ಧ ಮುಂಜಾನೆ ಕೂತಿದ್ದೆ. ಅಲ್ಲಿ ಹೆಸರು ಹಿಡಿದು ಯಾರನ್ನೂ ಕರೆಯಲಿಲ್ಲ. ಉಪ್ಪಿಟ್ಟಿನ ಪಾತೇಲಿ ಇಳಿಸಿ ಮುದುಕಿ ಬೆರಳು ಚಾಚಿ ತಲೆ ಎಣಿಸಿದಳು, ಅಷ್ಟು ಎಲೆ ಹಾಕಿದಳು, ಮುಗಿಯಿತು. ತಲೆ ಎಣಿಸುವ ಕಡೆ ನಮ್ಮ ಹುಡುಗಿ ಹತ್ತು ವರ್ಷ ಕೂತರೂ ಅವಳಿಗೆ ಏನಾಗಿದೆ ಎಂದು ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಏನಾಗಿದೆ ಎಂದು ಈಗ ಹೇಳುತ್ತೇನೆ.

ಬಾಯಿ ಹಾಗೆ ಅಂದಾಗ ನನಗೆ ಸಿಟ್ಟು ನೆತ್ತಿಗೇರಿತು. ಕಿವಿ ಮಂದವಂತೆ! ನಾನು ಬೆಲ್ಲದ ಡಬ್ಬಿ ತೆಗೆದರೆ ಆ ಹುಡುಗಿ ಬೀದಿಯಿಂದ ಓಡಿ ಬರುತ್ತಾಳೆ. ಮಾರನೆಯ ದಿನ ಬೆಳಿಗ್ಗೆ ಅವಳ ಹಿಂದೆಯೇ ಹೋಗಿ ಬಾಲವಾಡಿಯ ಬಾಗಿಲಲ್ಲಿ ಕೂತೆ. ನಿನಗೆ ಆ ಜಾಗ ಗೊತ್ತು, ಗಣಪತಿ ಮಂಡಳಿಯವರ ತಗಡಿನ ಪತ್ರಾ ಹಾಕಿದ ಕೋಣೆ. ಮೊದಲಿನ ಬಾಯಿ ದೀಪಾವಳಿಗೆ ಬಿಟ್ಟು ಹೋದ ಮೇಲೆ ಈಗ ವಸಂತಿ ಎಂಬವಳು ಬರುತ್ತಾಳೆ. ಸಣ್ಣ ವಯಸ್ಸು, ಥಾಣೆಯಿಂದ ಲೋಕಲ್ ಹಿಡಿದು ಬರುತ್ತಾಳೆ. ಕೋಣೆಯ ತುಂಬ ಕುರಿಮರಿಗಳ ಹಾಗೆ ಮಕ್ಕಳು, ಅವಳೊಬ್ಬಳು. ನಾನು ಜಗಳಕ್ಕೆ ಬಾಯಿ ತೆಗೆಯುವ ಮೊದಲೇ, "ಆಜೋಬಾ, ನೀವೇ ಕೂತು ನೋಡಿ" ಎಂದಳು. ಹಾಜರಿ ಕರೆಯತೊಡಗಿದಳು. ಒಂದೊಂದು ಮಗು 'ಹಜರ್ ಬಾಯಿ' ಎಂದು ಕೂಗುತ್ತಿತ್ತು. ಆಮೇಲೆ ನಿನ್ನ ಅವ್ವನ ಹೆಸರು ಕರೆದಳು. ಹೌದು, ಆ ಹೆಸರೇ ತಾನೆ ನಮ್ಮ ಹುಡುಗಿಗೆ ಇಟ್ಟಿರುವುದು. ನಾಗವ್ವ. ಎರಡು ಸಲ ಕರೆದಳು, ಗಟ್ಟಿಯಾಗಿ ಕರೆದಳು. ನಮ್ಮ ಹುಡುಗಿ ತುಟಿ ಬಿಚ್ಚಲಿಲ್ಲ. ತಲೆ ತಿರುಗಿಸಿ ಬಾಗಿಲ ಕಡೆ ನೋಡಿದಳು. ನಾನು ಕೂತಿದ್ದೇನಲ್ಲ, ಅದಕ್ಕೆ ನೋಡುತ್ತಾಳೆ ಅಂದುಕೊಂಡೆ. ಬಾಯಿ ಅಂದಳು, "ದಿನಾ ಹೀಗೇ. ಹೆಸರು ಕರೆದರೆ ಬಾಗಿಲು ನೋಡುತ್ತಾಳೆ." ಜಗಳವಾಡಲು ಏನೂ ಉಳಿಯಲಿಲ್ಲ.

ಬಾಲವಾಡಿ ಬಿಟ್ಟ ಮೇಲೆ ಅವಳ ಕೈ ಹಿಡಿದು ಗುಡ್ಡ ಹತ್ತುತ್ತಿದ್ದೆ. ಆ ಹುಡುಗಿಯೇ ಅಂದಳು, "ಮುತ್ಯಾ, ಇವತ್ತೂ ನಾಗವ್ವ ಬರ್ಲಿಲ್ಲ ನೋಡು." ಅಲ್ಲೇ ನಿಂತೆ, ಬಸವಾ. ನಿನ್ನ ಅವ್ವ ಹೋದ ಮೇಲೆ, ತೊಟ್ಟಿಲ ದಿನ ಬಿಟ್ಟರೆ, ಆ ಹೆಸರು ನಮ್ಮ ಮನೆಯವರ ಬಾಯಿಂದ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಯಾವ ನಾಗವ್ವ ಅಂದೆ. "ನಮ್ಮ ಸಾಲಿ ಹುಡುಗಿ. ಬಾಯಿ ದಿನಾ ಕರೀತಾರ, ಅಕಿ ಬರೋದೇ ಇಲ್ಲ. ಪಾಪ, ಅಕಿಗಿ ಆರಾಮಿಲ್ಲೇನೋ. ಅಕಿ ಪಾಲಿನ ಕಡ್ಲಿ ನಾನೇ ಇಟ್ಟೀನಿ" ಎಂದು ಫ್ರಾಕಿನ ಜೇಬು ತೋರಿಸಿದಳು. ಬೇಯಿಸಿದ ಕಡಲೆ, ಬಾಲವಾಡಿಯಲ್ಲಿ ಕೊಟ್ಟದ್ದು. ದಿನಾ ತನ್ನ ಪಾಲಿನಲ್ಲಿ ಒಂದಿಷ್ಟು ಎತ್ತಿಡುತ್ತಿದ್ದಳಂತೆ. ಜೇಬಿನಲ್ಲಿ ಕಡಲೆ ಹಳಸಿ ನಾರುತ್ತದೆ ಎಂದು ಕಸ್ತೂರಿ ಎಷ್ಟು ಸಲ ಅವಳ ಬೆನ್ನಿಗೆ ಹಾಕಿದ್ದಳೋ. ತನ್ನ ಪಕ್ಕದಲ್ಲಿ ಒಂದು ಜಾಗವನ್ನೂ ಹಿಡಿದಿಡುತ್ತಾಳಂತೆ. ಬೇರೆ ಮಕ್ಕಳು ಕೂತರೆ ನೂಕುತ್ತಾಳೆ, ಅದಕ್ಕೂ ವಸಂತಿ ಬಾಯಿಯ ಬೈಗುಳ ತಿಂದಿದ್ದಾಳೆ.

ಅರ್ಥವಾಯಿತೆ? ಅವಳಿಗೆ ತನ್ನ ಹೆಸರೇ ಗೊತ್ತಿಲ್ಲ. ಹೇಗೆ ಗೊತ್ತಿರಬೇಕು? ನಿನ್ನ ಅವ್ವ ಹೋದ ವರ್ಷವೇ ಕೂಸು ಹುಟ್ಟಿತು, ಅವಳೇ ತಿರುಗಿ ಬಂದಳು ಎಂದೆವು. ತೊಟ್ಟಿಲ ದಿನ ಹನುಮವ್ವ ಸೋದರತ್ತೆಯಾಗಿ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಿದಳು. ಆಮೇಲೆ ಯಾರು ಹೇಳಿದರು? ಸೊಸೆ ಅತ್ತೆಯ ಹೆಸರು ಹಿಡಿಯಬಾರದು, ಅದಕ್ಕೆ ಕಸ್ತೂರಿ 'ಅತ್ತೀ' ಎನ್ನುತ್ತಾಳೆ. ನೀನು ಬಂದಾಗೆಲ್ಲ 'ಅವ್ವಾ' ಎನ್ನುತ್ತೀ. ನಾನು 'ಮುದುಕಿ' ಎನ್ನುತ್ತೇನೆ. ಹೆಂಡತಿ ಬದುಕಿದ್ದಾಗಲೂ 'ಏ, ಕೇಳಿಲ್ಲಿ' ಎಂದು ಕರೆದವನೇ ಹೊರತು ಹೆಸರು ಹಿಡಿದವನಲ್ಲ, ನಮ್ಮಲ್ಲಿ ಯಾರು ಹಿಡಿಯುತ್ತಾರೆ? ಚಾಳಿನ ಮಕ್ಕಳು ನಮ್ಮನ್ನು ನೋಡಿ ಅವಳಿಗೆ 'ಆಜಿ' ಎನ್ನುತ್ತಾರೆ. ಬಾಲವಾಡಿಗೆ ಸೇರಿಸಲು ಕಸ್ತೂರಿ ಹೋದಾಗ ಆಗಿದ್ದ ಬಾಯಿ ಹೆಸರೇನು ಅಂದರೆ ಹೆರಿಗೆ ಆಸ್ಪತ್ರೆಯ ಚೀಟಿ ಮುಂದೆ ಹಿಡಿದಳಂತೆ, ತಾನು ಹೇಳಲಿಲ್ಲ. ಐದು ತುಂಬಿದ ಕೂಸು ಒಂದು ಮನೆಯಲ್ಲಿ ಅತ್ತೆ, ಅವ್ವ, ಮುದುಕಿ, ಎಲ್ಲ ಆಯಿತು. ತಾನು ಏನು ಎಂಬುದೊಂದು ಆಗಲಿಲ್ಲ.

ನಾಗವ್ವ ಅಂದರೆ ನೀನೇ ಎಂದು ಅಲ್ಲೇ ಗುಡ್ಡದ ಮೆಟ್ಟಿಲ ಮೇಲೆ ಕೂಡಿಸಿಕೊಂಡು ಹೇಳಿದೆ. ನಂಬಲಿಲ್ಲ. "ನಾ ಅಲ್ಲ, ನಾ ಮುದುಕಿ" ಎಂದಳು. ನಾನು ದನಿ ಏರಿಸಿದೆ. ಆಗ ನನ್ನ ಮುಖ ನೋಡಿ, "ಹಂಗಾರ ಅಕಿ ಬರೋದೇ ಇಲ್ಲೇನು ಮುತ್ಯಾ?" ಎಂದಳು. ಇಲ್ಲ ಅಂದೆ. ಮತ್ತೇನು ಹೇಳಬೇಕಿತ್ತು? ಜೇಬಿನ ಕಡಲೆಯನ್ನೆಲ್ಲ ಮೋರಿಗೆ ಚೆಲ್ಲಿ, ಮನೆ ಬರುವ ತನಕ ಅಳುತ್ತಾ ಬಂದಳು. ಆ ದಿನ ಊಟ ಮಾಡಲಿಲ್ಲ. ಮನುಷ್ಯರು ಸತ್ತರೆ ಮಕ್ಕಳು ಇಷ್ಟು ಅಳುವುದಿಲ್ಲ. ನಾವು ನಗಲೂ ಇಲ್ಲ, ಅಳಲೂ ಇಲ್ಲ.

ಅಲ್ಲಿಂದ ನಾನು ಬೆಳಗಾದರೆ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದೇನೆ. ಮೊದಲ ದಿನ ನನ್ನ ನಾಲಿಗೆಯೇ ಹೊರಳಲಿಲ್ಲ. ಮೊದಲ ಸಲ ಗಟ್ಟಿಯಾಗಿ ಕರೆದಾಗ ಪಕ್ಕದ ಖೋಲಿಯ ಈರಣ್ಣ ಎದ್ದು ಬಂದು, "ಯಾಕ್ರೀ ಸಾಯಬಣ್ಣ, ಕನಸು ಬಿತ್ತೇನ್ರಿ?" ಎಂದು ಕೇಳಿದ. ಅವನಿಗೆ ನಿನ್ನ ಅವ್ವ ಗೊತ್ತಿದ್ದಳಲ್ಲ. ನಿನ್ನ ಕೆಲಸ ನೋಡಿಕೋ ಎಂದು ಗದರಿಸಿ ಕಳಿಸಿದೆ. ಈಗ ನಾನು ಕರೆದರೆ ಹುಡುಗಿ ತಿರುಗುತ್ತಾಳೆ. ಓಡಿ ಬರುವುದಿಲ್ಲ, ತಿರುಗುತ್ತಾಳೆ. ಬೇರೆಯವರ ಅಂಗಿ ತೊಟ್ಟವರ ಹಾಗೆ ನಿಲ್ಲುತ್ತಾಳೆ.

ಹೋದ ಸೋಮವಾರ ಅವಳನ್ನು ಕರೆದುಕೊಂಡು ಮುನ್ಸಿಪಾಲ್ಟಿಯ ಕನ್ನಡ ಸಾಲಿಗೆ ಹೋದೆ. ಹೆಡ್ ಮಾಸ್ತರ ಚನ್ನಬಸಯ್ಯ, ಧಾರವಾಡದ ಕಡೆಯವರು. ರಜೆಯಲ್ಲೂ ಆಫೀಸಿನಲ್ಲಿದ್ದರು, ಅದಕ್ಕೆ ಒಳ್ಳೆಯ ಮನುಷ್ಯ ಅನ್ನಬೇಕು. ಆದರೆ ವಸಂತಿ ಬಾಯಿ ಏಪ್ರಿಲಿನಲ್ಲೇ ಹುಡುಗಿಗೆ ಕೇಳಿಸುವುದಿಲ್ಲ ಎಂದು ಬರೆದು ಕಳಿಸಿದ್ದು ಅವರ ಮೇಜಿನ ಮೇಲೆ ಬಿದ್ದಿತ್ತು. ನಾನು ನಡೆದದ್ದೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು, ತಮ್ಮ ಹೆಸರೇ ಗೊತ್ತಿಲ್ಲದ ಮಕ್ಕಳೂ ಇರುತ್ತಾರೇನ್ರಿ ಎಂದು ನಕ್ಕರು. ಆ ನಗು ನನಗೆ ಸಹಿಸಲು ಆಗಲಿಲ್ಲ. ನಾನು ಮೇಜು ಗುದ್ದಿದೆ, ಮಸಿ ಚೆಲ್ಲಿತು. "ಯಜಮಾನರ, ಇದು ಸಾಲಿ, ನಿಮ್ಮ ಸ್ಲ್ಯಾಬ್ ಹಾಕೋ ಜಾಗ ಅಲ್ಲ, ಹೊರಗ ನಡೀರಿ" ಎಂದರು. ಜವಾನ ನನ್ನ ರಟ್ಟೆ ಹಿಡಿದ. ಹುಡುಗಿ ಇದನ್ನೆಲ್ಲ ನೋಡಿದಳು. ಬಾಗಿಲ ತನಕ ಬಂದ ಮೇಲೆ ಮಾಸ್ತರರು ತಾವೇ ಕರೆದು ಹೇಳಿದರು: ಸಾಲಿ ತೆರೆಯುವ ದಿನ ತಾಯಿ ಬರಲಿ, ಕೂಸಿನ ಮುಖ ಗೋಡೆಗೆ ಮಾಡಿ ನಿಲ್ಲಿಸುತ್ತೇನೆ, ತಾಯಿ ಹಿಂದಿನಿಂದ ಹೆಸರು ಹಿಡಿದು ಕರೆಯಲಿ, ತಿರುಗಿದರೆ ಅವತ್ತೇ ಒಂದನೇ ಇಯತ್ತೆಗೆ ತೆಗೆದುಕೊಳ್ಳುತ್ತೇನೆ, ತಿರುಗದಿದ್ದರೆ ಬಾಲವಾಡಿಯ ಬಾಯಿ ಬರೆದದ್ದೇ ಖರೆ. ನಾನೇ ಈಗಲೇ ಕರೆಯುತ್ತೇನೆ ಅಂದೆ. "ಮುತ್ಯಾ ಕಲಿಸಿಕೊಂಡು ಬಂದರ ಗಿಳೀನೂ ಮಾತಾಡ್ತದ. ನೀವು ಇನ್ನ ಈ ಸಾಲಿ ಮೆಟ್ಟಲ ಹತ್ತಬ್ಯಾಡ್ರಿ. ತಾಯಿ ಕರೀಲಿ" ಎಂದರು.

ಸಾಲಿ ತೆರೆಯುವುದು ಜೂನ್ ಹದಿನೈದು, ಸೋಮವಾರ. ಕಸ್ತೂರಿ ಕಾರ್ಖಾನೆಯಲ್ಲಿ ಆ ದಿನಕ್ಕೆ ರಜೆ ಹೇಳಿದ್ದಾಳೆ. ಹುಡುಗಿಯನ್ನು ಈ ವರ್ಷ ಬಿಟ್ಟರೆ ಮುಂದಿನ ವರ್ಷ ಅವಳನ್ನು ಮತ್ತೆ ಬಾಲವಾಡಿಯಲ್ಲಿ ಮೂರು ವರ್ಷದ ಕೂಸುಗಳ ನಡುವೆ ಕೂಡಿಸುತ್ತಾರೆ, ಮಂದಬುದ್ಧಿ ಎಂಬ ಮಾತು ಅವಳ ಬೆನ್ನು ಹತ್ತುತ್ತದೆ. ಈ ಚಾಳಿನಲ್ಲಿ ಅಂಥ ಮಾತು ಒಮ್ಮೆ ಅಂಟಿದರೆ ಮದುವೆಯ ತನಕ ಬಿಡುವುದಿಲ್ಲ. ಊರಿಗೆ ಕಳಿಸಿದರೆ ತಲೆ ಎಣಿಸುವವರ ಕೈಗೆ ಕೊಟ್ಟ ಹಾಗೆ. ಆಮೇಲೆ ಎಮ್ಮೆ ಕಾಯುವುದು. ನಾನು ಸಾಲಿ ಬಿಟ್ಟವನು, ನೀನು ಬಿಟ್ಟವನು. ಅವಳನ್ನಾದರೂ ಒಳಗೆ ಹೋಗಲು ಬಿಡು. ಆದ್ದರಿಂದ ರಜೆ ಹಾಕಬೇಡ, ಟಿಕೀಟು ತೆಗೆಸಬೇಡ.

ಮೈ ನೋಡಿಕೋ. ಆ ಕಡೆ ಮೀನು ಅಗ್ಗ ಎಂದು ತಿನ್ನಲು ಹೋಗಬೇಡ, ನಮಗೆ ಆಗಿಬರುವುದಿಲ್ಲ. ನಿನ್ನ ಜೊತೆಯಲ್ಲಿರುವ ನಮ್ಮೂರ ಹುಡುಗರಿಗೆ ನನ್ನ ಆಶೀರ್ವಾದ ಹೇಳು. ಬಸವಣ್ಣ ನಿನ್ನನ್ನು ಆ ಗುಡ್ಡದೊಳಗಿಂದ ದಿನಾ ಹೊರಗೆ ತಂದು ಬಿಡಲಿ.

ನಿನ್ನ ಅಪ್ಪ,
ಸಾಯಬಣ್ಣ

ತಾ.ಕ.: ಮುಖ್ಯ ಮಾತು ಉಳಿಯಿತು, ಮೇಲೆ ಬರೆಯಲು ಮನಸ್ಸು ಬರಲಿಲ್ಲ. ನಿನ್ನ ಹೆಂಡತಿಯ ಬಾಯಿಂದ ಆ ಹೆಸರು ಹೊರಡುತ್ತಿಲ್ಲ. ನಿನ್ನೆ ಸಂಜೆ ಹುಡುಗಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಕರಿ ಎಂದು ಕಸ್ತೂರಿಗೆ ಅಂದೆ. ಬಾಯಿ ತೆರೆದಳು, ಕೊನೆಗೆ 'ಅತ್ತೀ' ಎಂದಳು. ಹುಡುಗಿ ಓಡಿ ಬಂದು ತೊಡೆ ತಬ್ಬಿದಳು. ಮಾಸ್ತರರ ಮುಂದೆ ಹೀಗಾದರೆ ಆಟ ಮುಗಿಯಿತು. ನಾನು ಬೈದೆ. ಆಗ ಕಸ್ತೂರಿ ಹೇಳಿದಳು, ತೊಟ್ಟಿಲು ಆದ ಮಾರನೆಯ ದಿನ ಕೂಸನ್ನು ಒಮ್ಮೆ ಹೆಸರು ಹಿಡಿದು ಕರೆದಳಂತೆ. ನೀನು ಉಣ್ಣುವ ತಾಟು ಬಿಟ್ಟು ಎದ್ದು, "ನಮ್ಮವ್ವನ ಹೆಸರು ನಿನ್ನ ಬಾಯಾಗ ಬಂದ್ರ ನನ್ನ ಆಣಿ ಅದ" ಎಂದೆಯಂತೆ. ಆ ಆಣೆಯನ್ನು ಇವತ್ತಿನ ತನಕ ಹೊತ್ತಿದ್ದಾಳೆ. ನೀನು ಸುರಂಗದೊಳಗೆ ಇರುವಾಗ ಅದನ್ನು ಮುರಿದು ಹೆಸರು ಕರೆದು ನಿನಗೆ ಏನಾದರೂ ಆದರೆ ಎಂದು ಅವಳ ಜೀವ ನಡುಗುತ್ತದೆ. ಕಾಗದದಲ್ಲಿ ಆ ಹೆಸರು ಬರೆಯಲೂ ಒಲ್ಲೆ ಅಂದದ್ದು ಅದಕ್ಕೇ. ನಾನು ಹೇಳಿದರೆ ಕೇಳುವುದಿಲ್ಲ, ಆಣೆ ಹಾಕಿದವನೇ ತೆಗೆಯಬೇಕಂತೆ. ನನಗೆ ಬರೆಯಬೇಡ. ಅವಳಿಗೆ ಬರೆ, ನಿನ್ನ ಕೈಯಿಂದ, ಆಣೆ ತೆಗೆದಿದ್ದೇನೆ, ಮಗಳನ್ನು ನಾಗವ್ವ ಎಂದು ಕರೆ ಎಂದು ಪೂರ್ತಿ ಹೆಸರು ಬರೆ. ಅವಳ ನಾಲಿಗೆ ಹೊರಳಲು ಒಂದು ವಾರವಾದರೂ ಬೇಕು. ಜೂನ್ ಐದು, ಶುಕ್ರವಾರದೊಳಗೆ ಆ ಕಾಗದ ಇಲ್ಲಿ ಬಂದಿರಬೇಕು.